ತ್ಸೆಲೆಮ್

ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆನ್ನುತ್ತದೆ ಬೈಬಲಿನ ಆದಿಕಾಂಡ (1:26–27). ‘ಸ್ವರೂಪ’ಕ್ಕೆ ಅಲ್ಲಿರುವ ಹೀಬ್ರೂ ಪದ ‘ತ್ಸೆಲೆಮ್’. ಅದರ ಸಾಮಾನ್ಯ ಅರ್ಥ ಪ್ರತಿಮೆ. ಬೈಬಲಿನದೇ ಅರಣ್ಯಕಾಂಡದಲ್ಲಿ ನಾಶಮಾಡಬೇಕಾದ ಎರಕದ ವಿಗ್ರಹಗಳಿಗೂ ಇದೇ ಪದ! ಅಕ್ಕಾಡಿಯನ್ ಭಾಷೆಯ ‘ಸಲ್ಮು’ ಇದರ ದಾಯಾದಿ. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆಯಲ್ಲಿ ಅರಸನೊಬ್ಬನ ಕಲ್ಲಿನ ಪ್ರತಿಮೆ ಸಿಕ್ಕಿತು. ಅದರ ಮೇಲಿನ ಅರಾಮಿಕ್ ಶಾಸನ ಆ ಪ್ರತಿಮೆಯನ್ನು ಕರೆಯುವುದು ಆದಿಕಾಂಡದ ‘ಸ್ವರೂಪ’, ‘ಹೋಲಿಕೆ’ಗಳ ಸೋದರಪದಗಳಿಂದಲೇ. ಸುತ್ತಲಿನ ನಾಡುಗಳಲ್ಲಿ ‘ದೇವರ ಪ್ರತಿಮೆ’ ಹೆಚ್ಚಾಗಿ ಅರಸರ ಬಿರುದು. ಆದಿಕಾಂಡ ಅದನ್ನು ಗಂಡು ಹೆಣ್ಣು ಇಬ್ಬರಿಗೂ ಕೊಟ್ಟುಬಿಟ್ಟಿತು. ನನ್ನನ್ನು ಬೆರಗುಗೊಳಿಸುವುದು ಈ ಧಾರಾಳತನ. ಅನುವಾದವಾದಾಗ ‘ತ್ಸೆಲೆಮ್’ ಗ್ರೀಕಿನಲ್ಲಿ ‘ಐಕೊನ್’, ಲ್ಯಾಟಿನ್ನಿನಲ್ಲಿ ‘ಇಮಾಗೊ’ ಆಯಿತು. ದೈವಶಾಸ್ತ್ರಿಗಳ ‘ಇಮಾಗೊ ದೇಯಿ’ ಅಲ್ಲಿಂದ ಬಂದದ್ದು. ಬೈಬಲಿನಲ್ಲೇ ಇರುವ, ಕೊಲೊಸ್ಸೆಯವರಿಗೆ ಬರೆದ ಪತ್ರವಂತೂ ಕ್ರಿಸ್ತನನ್ನೇ ಅದೃಶ್ಯನಾದ ದೇವರ ‘ಐಕೊನ್’ ಎನ್ನುತ್ತದೆ.