ನೀರಿಗಿಂತ ಮೊದಲು ಬರಬೇಕಾದ ಸುದ್ದಿ

ಮಂಡ್ಯ ಸೀಮೆಗೆ ಚಂಡಮಾರುತದ ಗಾಳಿಗಿಂತ ಹೆಚ್ಚಾಗಿ ಅದರ ಮಳೆ ತಲುಪುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್, ದುರ್ಬಲಗೊಂಡ ಮೇಲೂ ದಕ್ಷಿಣ ಕರ್ನಾಟಕವನ್ನು ನೆನೆಸಿತು. ಹಾಗಾಗಿ ಇಲ್ಲಿ ಮನೆಮಂದಿಯ ಸಿದ್ಧತೆಯೆಂದರೆ ನೀರನ್ನು ಎದುರಿಸುವ ಸಿದ್ಧತೆ. ನೀರಿಗಿಂತ ಮೊದಲು ಸುದ್ದಿ ಬಂದರೆ ಮಾತ್ರ ಅದು ಸಾಧ್ಯ.

1924ರ ಜುಲೈನಲ್ಲಿ ಕಾವೇರಿ ಉಕ್ಕಿದಾಗ, 1911ರಲ್ಲಿ ಶುರುವಾಗಿದ್ದ ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಇಂದು ಕಟ್ಟೆ ತುಂಬುವ ಮಟ್ಟವಾದ 124.80 ಅಡಿಯತ್ತ ನೀರು ಏರುತ್ತಿದ್ದರೆ, ಎಷ್ಟು ಕ್ಯೂಸೆಕ್ ಬಿಡುತ್ತಾರೆಂಬುದು ನದಿ ದಂಡೆಯವರಿಗೆ ಮೊದಲೇ ಗೊತ್ತಾಗುತ್ತದೆ. ಸುದ್ದಿ ಬಂದರೂ ಕಲ್ಲುಕಟ್ಟಡಕ್ಕೆ ಓಡಲು ಕಾಲಿಲ್ಲ: 2018ರ ಮಳೆಗಾಲದಲ್ಲಿ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಜನ, ಜಾನುವಾರು ಮಾತ್ರ ಸುದ್ದಿ ಕೇಳಿ ಎದ್ದುಹೋಗಬಹುದು.

ಮದ್ದೂರಿನ ಶಿಂಷೆಯ ಕತೆ ಬೇರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಈ ಹೊಳೆಗೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟೆಯಿದೆ. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಅಲ್ಲಿನ ಸೈಫನ್‌ಗಳು ತಾವಾಗಿಯೇ ನೀರು ಹೊರಹಾಕುತ್ತವೆ. ಯಾರೂ ಗೇಟು ಎತ್ತಬೇಕಿಲ್ಲ. ಅದರ ಕೆಳಗೆ ಹತ್ತಾರು ಕೆರೆಗಳ ಕೋಡಿ ನೀರೂ ಹೊಳೆಗೆ ಸೇರುತ್ತದೆ.

ಕೆರೆಯ ಸುದ್ದಿಯನ್ನು ಹಿಂದೆ ನೀರಗಂಟಿ ತರುತ್ತಿದ್ದ. ತೂಬು ಎತ್ತುವವನೂ ಅವನೇ, ಏರಿಯಲ್ಲಿ ಜಿನುಗು ಕಂಡರೆ ಊರಿಗೆ ಹೇಳುವವನೂ ಅವನೇ. ತಮಟೆ ಸಾರಿದರೆ ಜನ ಮಣ್ಣು ಹೊತ್ತು ಏರಿಗೆ ಓಡುತ್ತಿದ್ದರು. ರಾಗಿ ತುಂಬುವ ಹಗೇವನ್ನು ನೀರು ನಿಲ್ಲದ ದಿಣ್ಣೆ ನೋಡಿಯೇ ತೋಡುತ್ತಿದ್ದರು. ಸಿದ್ಧತೆ ಮನೆ ಕಟ್ಟುವ ಮೊದಲೇ ಶುರುವಾಗುತ್ತಿತ್ತು.

ಈಗ ನೀರಗಂಟಿಯ ಕಸುಬು ಸೊರಗಿದೆ, ಕೋಡಿಹಳ್ಳದಲ್ಲೇ ಮನೆಗಳೆದ್ದಿವೆ. 2022ರಲ್ಲಿ ಮಂಡ್ಯ ಪಕ್ಕದ ಬೂದನೂರು ಕೆರೆಯ ನೀರು ಬೆಂಗಳೂರು–ಮೈಸೂರು ಹೆದ್ದಾರಿಗೇ ನುಗ್ಗಿತು. ಕನ್ನಂಬಾಡಿಯ ಮಟ್ಟವನ್ನು ದಿನವೂ ಕೇಳುವ ನಾವು, ಮನೆಯ ಮೇಲ್ಗಡೆ ಇರುವ ಕೆರೆಯ ಮಟ್ಟ ಕೇಳುವುದನ್ನು ಬಿಟ್ಟಿದ್ದೇವೆ.

ಪಹಣಿ, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟಕ್ಕೇರಿಸುವುದು, ಮಾತ್ರೆಗಳನ್ನು ಕೈಗೆಟುಕುವಲ್ಲಿಡುವುದು, ಮೋಟಾರಿನ ಕರೆಂಟು ತೆಗೆಯುವುದು, ದನಗಳ ಹಗ್ಗ ಬಿಚ್ಚುವುದು—ಇವೆಲ್ಲ ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯನ್ನು ಕೊಡುತ್ತಿದ್ದವನು ನೀರಗಂಟಿ. ಅವನ ಜಾಗದಲ್ಲಿ ಈಗ ಯಾರಿದ್ದಾರೆ ಎಂದು ಮಳೆಗಾಲಕ್ಕೆ ಮೊದಲೇ ಗ್ರಾಮಸಭೆಯಲ್ಲಿ ಕೇಳಬೇಕು.