ಬಿಳಿಚಿದ ಮಾತೊಂದರ ಚರಿತ್ರೆ

ಇಂಗ್ಲಿಷಿನ ‘ಬ್ಲೀಕ್’ ಎಂಬ ವಿಶೇಷಣವನ್ನು ನಾನು ಮೊದಲು ಅರಿತದ್ದು ತಪ್ಪಾಗಿಯೇ. ಪ್ರೌಢಶಾಲೆಯ ಪದ್ಯಪಾಠದ ಅಂಚಿನಲ್ಲಿ ‘ಬಹಳ ಚಳಿಯಾದ’ ಎಂದು ಪೆನ್ಸಿಲಿನಿಂದ ಅರ್ಥ ಬರೆದುಕೊಂಡಿದ್ದೆ. ಅದನ್ನೇ ನಂಬಿ, ಎಂ.ಎ. ವ್ಯಾಸಂಗದ ದಿನಗಳಲ್ಲಿ ಚಾರ್ಲ್ಸ್ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಕೆಲವು ಪುಟಗಳನ್ನು ಕನ್ನಡಿಸಿ, ‘ಶೀತಲ ಗೃಹ’ ಎಂಬ ತಲೆಬರಹವಿತ್ತು, ಗುರುಗಳೊಬ್ಬರ ಮುಂದಿರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು, “ಏನಯ್ಯಾ, ಇದರಲ್ಲಿ ಆಲೂಗಡ್ಡೆ ದಾಸ್ತಾನು ಮಾಡುತ್ತಾರೇನು?” ಎಂದರು. ನಾಚಿಕೆಯಿಂದ ನಿಘಂಟು ತೆರೆದೆ. ಅಂದು ಆರಂಭವಾದ ಹುಡುಕಾಟದ ಫಲವನ್ನು ತಮ್ಮ ಮುಂದಿಡುತ್ತಿದ್ದೇನೆ.

ಈ ಶಬ್ದಕ್ಕೆ ಮೂಲದಲ್ಲಿ ಚಳಿಯ ಸಂಬಂಧವೇ ಇಲ್ಲ. ಅದು ಬಣ್ಣದ ಮಾತು. ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಬ್ಲೇಯ್ಕರ್’ ಎಂದರೆ ಪೇಲವವಾದ, ಬಿಳಿಚಿದ ಎಂದರ್ಥ. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಸೂರೆಗೊಂಡ ವೈಕಿಂಗರ ಜನ ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಾರ್ಕ್‌ಷೈರ್ ಮೊದಲಾದ ಪ್ರದೇಶಗಳಲ್ಲಿ ನೇಗಿಲು ಹಿಡಿದು ನೆಲಸಿದರು. ಕತ್ತಿಯಿಂದ ಬಂದವರು ಒಕ್ಕಲಾದಾಗ ಅವರ ಮಾತುಗಳೂ ಒಕ್ಕಲಾದುವು. ದುರ್ಬಲವೆಂಬ ಅರ್ಥದ ‘ವೀಕ್’ ಶಬ್ದವೂ ಹೀಗೆಯೇ ಬಂದದ್ದು.

ಇಂಗ್ಲಿಷಿಗೆ ಇದೇ ಮನೆತನದ ಸ್ವಂತ ಪದವೊಂದು ಇದ್ದೇ ಇತ್ತು: ದೀರ್ಘ ಸ್ವರದ ‘ಬ್ಲಾಕ್’, ಅಂದರೆ ಬಿಳಿಚಿದ್ದು. ಪಕ್ಕದಲ್ಲಿಯೇ ಹ್ರಸ್ವ ಸ್ವರದ ‘ಬ್ಲ್ಯಾಕ್’, ಅಂದರೆ ಕಪ್ಪು. ಕಾಲಾಂತರದಲ್ಲಿ ಇವೆರಡರ ಉಚ್ಚಾರ, ಬರಹಗಳು ಬೆರೆತು, ಮಧ್ಯಯುಗದ ಹಸ್ತಪ್ರತಿಗಳಲ್ಲಿ ಒಂದು ಮುಖ ಕಪ್ಪೋ ಬಿಳುಪೋ ಎಂಬುದನ್ನು ವಿದ್ವಾಂಸರು ನಿರ್ಣಯಿಸಲಾಗದಷ್ಟು ಗೊಂದಲವಾಯಿತು. ಕೊನೆಗೆ ಸ್ವದೇಶಿ ಪದವೇ ಮರೆಯಾಯಿತು. 1300ರ ಸುಮಾರಿಗೆ ಬರಹದಲ್ಲಿ ಕಾಣಿಸಿಕೊಂಡ ವಲಸೆಯ ಪದ ಬಾಳಿತು.

ಬಾಳಿತು, ಆದರೆ ಅರ್ಥ ಬದಲಾಯಿಸಿಕೊಂಡು. ಹದಿನಾರನೆಯ ಶತಮಾನದಲ್ಲಿ ಅದು ಮುಖವನ್ನು ಬಿಟ್ಟು ನೆಲಕ್ಕಿಳಿಯಿತು. ಮರವಿಲ್ಲದ, ಮರೆಯಿಲ್ಲದ, ಗಾಳಿಗೆ ಮೈಯೊಡ್ಡಿದ ಬೋಳು ದಿಬ್ಬ ‘ಬ್ಲೀಕ್’ ಆಯಿತು. ಆ ದಿಬ್ಬದ ಮೇಲೆ ಬೀಸುವ ಗಾಳಿಗೂ, ಆ ಗಾಳಿಯ ಋತುವಿಗೂ ಅದೇ ಹೆಸರು ಅಂಟಿತು. ಹದಿನೆಂಟನೆಯ ಶತಮಾನದಲ್ಲಿ ಮನಸ್ಸಿನ ನಿರಾಶೆಗೂ ಸಂದಿತು. ಆದುದರಿಂದ ಇಂಗ್ಲಿಷರು ಪ್ರತಿ ಚಳಿಯನ್ನೂ ‘ಬ್ಲೀಕ್’ ಎನ್ನುವುದಿಲ್ಲ. ನಿರ್ಮಲ ಆಕಾಶ, ಎಳೆಬಿಸಿಲು, ಒಣ ಚಳಿಯ ಮುಂಜಾನೆಯಾದರೆ ‘ಕ್ರಿಸ್ಪ್’. ತೇವ ಸೇರಿ ಮೂಳೆಗಿಳಿಯುವ ಚಳಿಯಾದರೆ ‘ರಾ’. ಹಿಮ ಬಿದ್ದ ಹಳ್ಳಿಯ ಚಿಮಣಿಯಲ್ಲಿ ಹೊಗೆಯಾಡುತ್ತಿದ್ದರೆ ಅಲ್ಲಿ ಚಳಿಯುಂಟು, ‘ಬ್ಲೀಕ್’ತನವಿಲ್ಲ. ಆಸರೆಯೇ ಇಲ್ಲದ ಚಳಿಗೆ ಮಾತ್ರ ಆ ಹೆಸರು.

1852ರಿಂದ 1853ರವರೆಗೆ ತಿಂಗಳ ಕಂತುಗಳಲ್ಲಿ ಪ್ರಕಟವಾದ ಡಿಕನ್ಸನ ಕಾದಂಬರಿಯನ್ನು ಈ ಬೆಳಕಿನಲ್ಲಿ ಮತ್ತೆ ಓದಿದೆ. ಅಲ್ಲಿ ಟಾಮ್ ಜಾರ್ನ್‌ಡಿಸ್ ಎಂಬಾತ ಮುಗಿಯದ ವ್ಯಾಜ್ಯದ ಬೆನ್ನುಹತ್ತಿ ಮನೆಯನ್ನು ಮರೆಯುತ್ತಾನೆ. ಸೂರು ಸೋರಿ, ಗೋಡೆ ಬಿರುಕುಬಿಟ್ಟು ಗಾಳಿ ನುಗ್ಗುವ ಆ ಮನೆಗೆ ‘ಬ್ಲೀಕ್ ಹೌಸ್’ ಎಂದು ಹೆಸರಿಟ್ಟವನೂ ಆತನೇ. ಉತ್ತರಾಧಿಕಾರಿ ಜಾನ್ ಜಾರ್ನ್‌ಡಿಸ್ ಅದನ್ನು ದುರಸ್ತಿ ಮಾಡಿ, ಅನಾಥರಿಗೆ ಆಶ್ರಯವಿತ್ತು, ಬೆಚ್ಚಗಾಗಿಸುತ್ತಾನೆ. ಹೆಸರನ್ನು ಮಾತ್ರ ಬದಲಿಸುವುದಿಲ್ಲ. ಕೊನೆಯಲ್ಲಿ ಎಸ್ತರಳಿಗೆ ಆತ ಸಿದ್ಧಪಡಿಸಿಕೊಟ್ಟ ಹೊಸ ಮನೆಗೂ ಅದೇ ಹೆಸರು. ಆ ಮನೆಯಿರುವುದು ಯಾರ್ಕ್‌ಷೈರಿನಲ್ಲಿ, ಆ ಹಳೆಯ ನಾರ್ಸ್ ಒಕ್ಕಲುಗಳ ನಾಡಿನಲ್ಲಿ! ಮನೆಯನ್ನು ‘ಬ್ಲೀಕ್’ ಮಾಡಿದ್ದು ಹವೆಯಲ್ಲ, ಮನುಷ್ಯನ ಅಲಕ್ಷ್ಯ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ? ಬಿಳಿಚಿಕೊಳ್ಳುವುದು ನಮ್ಮಲ್ಲಿ ಮುಖಕ್ಕೇ ನಿಂತಿತು, ನೆಲಕ್ಕೆ ಇಳಿಯಲಿಲ್ಲ. ನಮ್ಮ ‘ಬಿಳಿ’ಗೂ ಇಂಗ್ಲಿಷಿನ ‘ಬ್ಲೀಕ್’ಗೂ ಧ್ವನಿಸಾಮ್ಯವಷ್ಟೇ, ನಮ್ಮದು ತಮಿಳಿನ ‘ವೆಳ್’ ಕುಲದ ದ್ರಾವಿಡ ಪದ. ಉತ್ತರ ನನಗೆ ದೊರೆತದ್ದು ಪುಸ್ತಕದಲ್ಲಿ ಅಲ್ಲ. ತಾಯಿ ತೀರಿಕೊಂಡ ಮರುವರ್ಷ, ಮಾಗಿಯ ಒಂದು ಸಂಜೆ, ಬೀಗ ತೆಗೆದು ಊರಿನ ಮನೆಯೊಳಗೆ ಕಾಲಿಟ್ಟೆ. ಒಲೆಯಲ್ಲಿ ಬೂದಿಯೂ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, “ಅಮ್ಮ ಇಲ್ಲದೆ ಮನೆ ಬಿಕೋ ಅಂತದಲ್ಲಪ್ಪಾ” ಎಂದರು.

ಗುರುಗಳು ಅಷ್ಟುಹೊತ್ತಿಗೆ ಗತಿಸಿದ್ದರು. ಇಲ್ಲದಿದ್ದರೆ ಆ ಹಳೆಯ ಪುಟಗಳಿಗೆ ಹೊಸ ತಲೆಬರಹ ಬರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಆ ಸಂಜೆ ಅಜ್ಜಿ ತಮ್ಮ ಮನೆಯಿಂದ ಕೆಂಡ ತಂದುಕೊಟ್ಟರು. ನಾನು ಒಲೆ ಹೊತ್ತಿಸಿದೆ.