ಫಾರ್ವರ್ಡ್ ಕೊನೆಯಲ್ಲಿ ಜರ್ನಲ್ ಹೆಸರಿದ್ದರೆ ಅದು ನಿಜವೇ? ವೈದ್ಯಕೀಯ ಉಲ್ಲೇಖಗಳನ್ನು ಓದುವುದು ಹೀಗೆ

‘ಅಮೆರಿಕದ ಜರ್ನಲ್‌ನಲ್ಲಿ ಪ್ರಕಟವಾಗಿದೆ’, ‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎಂಬ ಮಾತಿನೊಂದಿಗೆ ಬರುವ ಆರೋಗ್ಯದ ಸಂದೇಶಗಳನ್ನು ನಾವೆಲ್ಲರೂ ನೋಡಿರುತ್ತೇವೆ. ಕೆಲವದರ ಕೊನೆಯಲ್ಲಿ ಲೇಖಕರ ಹೆಸರು, ಇಸವಿ ಮತ್ತು ಒಂದಷ್ಟು ಅಂಕಿಗಳೂ ಇರುತ್ತವೆ. ಅದನ್ನು ನೋಡಿದ ಕೂಡಲೇ ‘ಇಷ್ಟೆಲ್ಲ ಕೊಟ್ಟಿದ್ದಾರೆ ಎಂದ ಮೇಲೆ ನಿಜವೇ ಇರಬೇಕು’ ಅನ್ನಿಸುತ್ತದೆ. ಆದರೆ ಉಲ್ಲೇಖ ಎನ್ನುವುದು ಸಾಕ್ಷಿಯಲ್ಲ, ಸಾಕ್ಷಿ ಎಲ್ಲಿದೆ ಎಂದು ಹೇಳುವ ವಿಳಾಸ. ವಿಳಾಸ ಕೊಟ್ಟ ಮಾತ್ರಕ್ಕೆ ಆ ಮನೆಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ, ಹೋಗಿ ಬಾಗಿಲು ತಟ್ಟಬೇಕು.

ಈ ವಿಳಾಸ ಬರೆಯುವ ಕ್ರಮ ಬಂದದ್ದು ಎಲ್ಲಿಂದ?

ಹಿಂದೆ ಒಂದೊಂದು ವೈದ್ಯಕೀಯ ಜರ್ನಲ್ ಒಂದೊಂದು ರೀತಿಯಲ್ಲಿ ಉಲ್ಲೇಖ ಕೇಳುತ್ತಿತ್ತು. ಒಂದು ಕಡೆ ತಿರಸ್ಕೃತವಾದ ಲೇಖನವನ್ನು ಇನ್ನೊಂದು ಕಡೆ ಕಳಿಸಬೇಕಾದರೆ ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡಬೇಕಿತ್ತು. 1978ರಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ ಸಮಾನ ನಿಯಮಗಳನ್ನು ಮಾಡಿಕೊಳ್ಳಲು ಮುಂದಾದರು. ಆ ಗುಂಪೇ ಮುಂದೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ ಆಯಿತು. ಅವರ ಕ್ರಮಕ್ಕೆ ಇಂದಿಗೂ ‘ವ್ಯಾಂಕೂವರ್ ಶೈಲಿ’ ಎಂಬ ಹೆಸರಿದೆ.

ನಿಯಮ ಸರಳ. ಲೇಖನದಲ್ಲಿ ಮೊದಲು ಬರುವ ಆಕರಕ್ಕೆ 1, ನಂತರದ್ದಕ್ಕೆ 2, ಹೀಗೆ ಬಂದ ಕ್ರಮದಲ್ಲೇ ಸಂಖ್ಯೆ ಕೊಡುತ್ತಾರೆ. ಅದೇ ಆಕರ ಮತ್ತೆ ಬಂದರೆ ಹಳೆಯ ಸಂಖ್ಯೆಯೇ ಇರುತ್ತದೆ. ಲೇಖನದ ಕೊನೆಯಲ್ಲಿ ಆ ಸಂಖ್ಯೆಗಳ ಪೂರ್ಣ ವಿವರ ಇರುತ್ತದೆ.

ಒಂದು ಉಲ್ಲೇಖವನ್ನು ಬಿಡಿಸಿ ನೋಡೋಣ

ಪೋರ್ಟರ್ ಜೆ, ಜಿಕ್ ಎಚ್. ಅಡಿಕ್ಷನ್ ರೇರ್ ಇನ್ ಪೇಷಂಟ್ಸ್ ಟ್ರೀಟೆಡ್ ವಿತ್ ನಾರ್ಕಾಟಿಕ್ಸ್. ಎನ್ ಇಂಗ್ಲ್ ಜೆ ಮೆಡ್. 1980;302(2):123.

ಮೊದಲಿಗೆ ಲೇಖಕರು. ಕುಟುಂಬದ ಹೆಸರು ಮುಂದೆ, ಇನಿಷಿಯಲ್ ಹಿಂದೆ. ಲೇಖಕರು ಹೆಚ್ಚಿದ್ದರೆ ಹಲವು ಜರ್ನಲ್‌ಗಳು ಆರು ಹೆಸರು ಬರೆದು, ಉಳಿದವರಿಗೆ ‘ಮತ್ತಿತರರು’ ಎಂಬ ಅರ್ಥದ ಲ್ಯಾಟಿನ್ ಪದ ಹಾಕುತ್ತವೆ. ನಂತರ ಲೇಖನದ ಶೀರ್ಷಿಕೆ. ‘ಎನ್ ಇಂಗ್ಲ್ ಜೆ ಮೆಡ್’ ಎಂದರೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ಪತ್ರಿಕೆಯ ಸಂಕ್ಷಿಪ್ತ ಹೆಸರು. 1980 ಇಸವಿ, 302 ಸಂಪುಟ, ಆವರಣದೊಳಗಿನ 2 ಸಂಚಿಕೆ, 123 ಪುಟ.

ಕೊನೆಯ ಅಂಕಿಯನ್ನು ಗಮನಿಸಿ. 123ರಿಂದ 130 ಎಂದಿಲ್ಲ, ಒಂದೇ ಪುಟ. ಇದು ದೊಡ್ಡ ಅಧ್ಯಯನ ಇರಲಿಕ್ಕಿಲ್ಲ ಎಂಬ ಸುಳಿವು ಉಲ್ಲೇಖದಲ್ಲೇ ಇದೆ.

ಐದು ವಾಕ್ಯಗಳ ಪತ್ರ ‘ಅಧ್ಯಯನ’ವಾದ ಕಥೆ

ನಿಜಕ್ಕೂ ಅದು ಸಂಪಾದಕರಿಗೆ ಬರೆದ ಐದು ವಾಕ್ಯಗಳ ಪತ್ರ. ಆಸ್ಪತ್ರೆಯಲ್ಲಿ ದಾಖಲಾಗಿ ಅಫೀಮು ವರ್ಗದ ನೋವು ನಿವಾರಕ ಪಡೆದ 11,882 ರೋಗಿಗಳಲ್ಲಿ, ಮೊದಲು ವ್ಯಸನದ ಇತಿಹಾಸ ಇಲ್ಲದವರ ಪೈಕಿ ನಾಲ್ವರಲ್ಲಿ ಮಾತ್ರ ವ್ಯಸನ ದಾಖಲಾಗಿತ್ತು ಎಂದು ಅದು ಹೇಳಿತು. ಮನೆಗೆ ಹೋಗಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಆದರೂ ಲೇಖನದಿಂದ ಲೇಖನಕ್ಕೆ ಈ ಉಲ್ಲೇಖ ಸಾಗುತ್ತಾ ಹೋಯಿತು. 2017ರಲ್ಲಿ ಕೆನಡಾದ ಸಂಶೋಧಕರು ಅದೇ ಜರ್ನಲ್‌ನಲ್ಲಿ ಲೆಕ್ಕ ಕೊಟ್ಟರು. ಪತ್ರವನ್ನು 608 ಬಾರಿ ಉಲ್ಲೇಖಿಸಲಾಗಿತ್ತು. ಅವುಗಳಲ್ಲಿ ಶೇ. 72.2ರಷ್ಟು ಮಂದಿ ವ್ಯಸನ ಅಪರೂಪ ಎನ್ನುವುದಕ್ಕೆ ಇದನ್ನೇ ಆಧಾರ ಮಾಡಿಕೊಂಡಿದ್ದರು. ಶೇ. 80.8ರಷ್ಟು ಮಂದಿ ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬುದನ್ನೇ ಹೇಳಿರಲಿಲ್ಲ. ಈ ಮಾತ್ರೆಗಳಿಂದ ಭಯವಿಲ್ಲ ಎಂಬ ನಂಬಿಕೆ ಬೆಳೆಯಲು ಇದೂ ಒಂದು ಕಾರಣವಾಯಿತು ಎಂದು ಅವರು ಬರೆದರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ, 1999ರಿಂದ 2021ರವರೆಗೆ ಅಲ್ಲಿ ಸುಮಾರು 6,45,000 ಜನ ಇಂಥ ಔಷಧ ಮತ್ತು ಮಾದಕಗಳ ಅತಿ ಸೇವನೆಯಿಂದ ಸತ್ತಿದ್ದಾರೆ. ಅಷ್ಟೂ ಸಾವಿಗೆ ಒಂದು ಪತ್ರ ಕಾರಣವಲ್ಲ. ಆದರೆ ತೆರೆದು ಓದದೆ ಮುಂದಕ್ಕೆ ಕಳಿಸುವ ಅಭ್ಯಾಸ ವಾಟ್ಸ್‌ಆ್ಯಪ್‌ಗಿಂತ ಹಳೆಯದು ಎಂಬುದಂತೂ ಸ್ಪಷ್ಟ.

ಈ ಪತ್ರದ ಉಲ್ಲೇಖದಲ್ಲಿ ಅಂಕಿ, ಚುಕ್ಕೆ, ಆವರಣ ಎಲ್ಲ ಸರಿಯಾಗಿದ್ದರೂ ಅದರ ಬಗ್ಗೆ ಹೇಳಿದ ಮಾತು ತಪ್ಪಾಗಬಹುದು.

ಹಿಂಪಡೆದ ಲೇಖನಗಳು

ಕೆಲವೊಮ್ಮೆ ವಿಳಾಸ ಸರಿ ಇರುತ್ತದೆ, ಮನೆಯೇ ಬಿದ್ದುಹೋಗಿರುತ್ತದೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಸೂಚಿಸಿದ, ಕೇವಲ 12 ಮಕ್ಕಳ ಮೇಲಿನ ಲೇಖನ 1998ರಲ್ಲಿ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಬಂದಿತ್ತು. 2010ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂಪಡೆಯಿತು. ಅದಾದ ಮೇಲೂ ‘ಲ್ಯಾನ್ಸೆಟ್‌ನಲ್ಲೇ ಬಂದಿದೆ’ ಎಂದು ಹೇಳುವವರಿದ್ದಾರೆ. ಬಂದಿತ್ತು ಎನ್ನುವುದು ನಿಜ, ಈಗ ಅದಕ್ಕೆ ಬೆಲೆಯಿಲ್ಲ ಎನ್ನುವುದೂ ನಿಜ. ಹಿಂಪಡೆದ ಲೇಖನವನ್ನು ಆಧಾರವಾಗಿ ಬಳಸಿಲ್ಲ ಎಂದು ಲೇಖಕರೇ ಖಚಿತಪಡಿಸಿಕೊಳ್ಳಬೇಕು ಎಂದು ಐಸಿಎಂಜೆಇ ಹೇಳುತ್ತದೆ.

ಮೊಬೈಲ್‌ನಲ್ಲೇ ಪರಿಶೀಲಿಸುವುದು ಹೇಗೆ?

1. ಸಂದೇಶದಲ್ಲಿರುವ ಶೀರ್ಷಿಕೆಯನ್ನು ಪಬ್‌ಮೆಡ್‌ನಲ್ಲಿ ಹುಡುಕಿ. ಇದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಉಚಿತ ತಾಣ. ಅಲ್ಲಿ ಪ್ರತಿ ಲೇಖನಕ್ಕೂ ಪಿಎಂಐಡಿ ಎಂಬ ಸಂಖ್ಯೆ ಇರುತ್ತದೆ.

2. 10ರಿಂದ ಆರಂಭವಾಗುವ ಡಿಒಐ ಸಂಖ್ಯೆ ಇದ್ದರೆ ಅದನ್ನು ಡಿಒಐ ಸಂಸ್ಥೆಯ ತಾಣದಲ್ಲಿ ಹಾಕಿ. ಲೇಖನದ ಪುಟಕ್ಕೇ ಹೋಗುತ್ತೀರಿ. ಬೇರೆ ಲೇಖನ ತೆರೆದರೆ ಅಥವಾ ಏನೂ ಸಿಗದಿದ್ದರೆ ಅನುಮಾನಪಡಿ. ಎಐ ಚಾಟ್‌ಬಾಟ್‌ಗಳು ಇಲ್ಲದ ಲೇಖನಕ್ಕೂ ಅಚ್ಚುಕಟ್ಟಾದ ಉಲ್ಲೇಖ ಸೃಷ್ಟಿಸಬಲ್ಲವು.

3. ‘ಹಿಂಪಡೆಯಲಾಗಿದೆ’ ಎಂಬ ಸೂಚನೆ ಇದೆಯೇ ನೋಡಿ. ಪಬ್‌ಮೆಡ್ ಅದನ್ನು ಪುಟದ ಮೇಲ್ಭಾಗದಲ್ಲೇ ತೋರಿಸುತ್ತದೆ.

4. ಸಾರಾಂಶ ಓದಿ. ಅಧ್ಯಯನ ನಡೆದದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ? ಎಷ್ಟು ಜನ? ಸಂಶೋಧನೆಯೋ, ಪತ್ರವೋ, ಅಭಿಪ್ರಾಯವೋ?

5. ಕೊನೆಗೆ, ಸಂದೇಶ ಹೇಳುವ ಮಾತನ್ನೇ ಲೇಖನವೂ ಹೇಳುತ್ತಿದೆಯೇ ಎಂದು ಹೋಲಿಸಿ.

ಇನ್ನೊಂದು ಮಾತು: ಪಬ್‌ಮೆಡ್‌ನಲ್ಲಿ ಇರುವುದೆಲ್ಲ ಸತ್ಯ ಎಂದಲ್ಲ. ಅದು ಗ್ರಂಥಾಲಯದ ಕಪಾಟು ಇದ್ದಂತೆ, ಒಳ್ಳೆಯ ಪುಸ್ತಕವೂ ಕೆಟ್ಟ ಪುಸ್ತಕವೂ ಇರುತ್ತವೆ.

ಸಾರಾಂಶ

ಜರ್ನಲ್ ಹೆಸರು, ಇಸವಿ, ಪುಟ ಸಂಖ್ಯೆ ಇದ್ದರೆ ಆ ಸಂದೇಶವನ್ನು ಪರಿಶೀಲಿಸಬಹುದು ಎಂದಷ್ಟೇ ಅರ್ಥ, ಪರಿಶೀಲಿಸಲಾಗಿದೆ ಎಂದಲ್ಲ. ಅದಕ್ಕೆ ಬೇಕಾದದ್ದು ಎರಡು ಮೂರು ನಿಮಿಷ. ಅಷ್ಟು ಸಮಯ ಇಲ್ಲದಿದ್ದರೆ ಔಷಧ, ಲಸಿಕೆ, ಚಿಕಿತ್ಸೆಯ ಬಗ್ಗೆ ಬಂದ ಸಂದೇಶವನ್ನು ಮುಂದಕ್ಕೆ ಕಳಿಸದೆ ಅಲ್ಲಿಗೇ ಬಿಡಿ. ಮನೆಯವರು ನಡೆಯುತ್ತಿರುವ ಚಿಕಿತ್ಸೆಯನ್ನು ಅಂಥ ಸಂದೇಶ ನಂಬಿ ಬದಲಿಸುವ ಮುನ್ನ ವೈದ್ಯರನ್ನು ಕೇಳುವಂತೆ ಹೇಳಿ.